ಕೆನಡಾದ ಪ್ರಾಂತೀಯ ನಾಮನಿರ್ದೇಶನ ಮತ್ತು ಕಾಯಂ ನಿವಾಸ: ಕುಶಲ ವೃತ್ತಿಪರ ಅರ್ಜಿದಾರರ ಮಾಹಿತಿಗಾಗಿ

ಕೆನಡಾ ದೇಶದಲ್ಲಿ ಕಾಯಂ ನಿವಾಸಿಗಳಾಗಿ ನೆಲೆಸಲು ಬಯಸುವ ಕುಶಲ ವೃತ್ತಿಪರರಿಗೆ ಲಭ್ಯವಿರುವ ಮಾರ್ಗಗಳಲ್ಲಿ ಅಲ್ಲಿನ ಪ್ರಾಂತ್ಯ ಸರ್ಕಾರಗಳು ನೀಡುವ ನಾಮನಿರ್ದೇಶನವೂ ಒಂದು. ಕರ್ನಾಟಕದ ಇಂಜಿನಿಯರುಗಳು, ಶುಶ್ರೂಷಕರು, ಲೆಕ್ಕಪತ್ರ ವೃತ್ತಿಯವರು ಹಾಗೂ ತಾಂತ್ರಿಕ ಕುಶಲಕರ್ಮಿಗಳು ಈ ಮಾರ್ಗದ ಬಗ್ಗೆ ವಿಚಾರಿಸುತ್ತಿರುವುದರಿಂದ, ಸದರಿ ಕಾರ್ಯಕ್ರಮದ ಸ್ವರೂಪ, ಅರ್ಜಿಯ ಹಂತಗಳು ಮತ್ತು ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳ ವಿವರಗಳನ್ನು ಈ ಪುಟದಲ್ಲಿ ನೀಡಲಾಗಿದೆ.

ಅರ್ಜಿದಾರರು ಮೊದಲಿಗೇ ತಿಳಿದಿರಬೇಕಾದ ಅಂಶವೆಂದರೆ, ಪ್ರಾಂತ್ಯದ ನಾಮನಿರ್ದೇಶನ ಪತ್ರವು ಕಾಯಂ ನಿವಾಸದ ಅನುಮತಿಯಲ್ಲ. ಅದು ವೀಸಾ ಅಲ್ಲ, ಉದ್ಯೋಗದ ಆದೇಶವೂ ಅಲ್ಲ. ಕಾಯಂ ನಿವಾಸವನ್ನು ಮಂಜೂರು ಮಾಡುವ ಅಧಿಕಾರ ಕೆನಡಾದ ಒಕ್ಕೂಟ ಸರ್ಕಾರಕ್ಕೆ ಮಾತ್ರ ಸೇರಿದೆ. ಆದುದರಿಂದ ನಾಮನಿರ್ದೇಶನ ಪತ್ರ ಕೈಸೇರಿತೆಂಬ ಕಾರಣಕ್ಕೆ ಇರುವ ಉದ್ಯೋಗಕ್ಕೆ ರಾಜೀನಾಮೆ ನೀಡುವುದು, ನಿವೇಶನ ಅಥವಾ ಮನೆ ಮಾರಾಟ ಮಾಡುವುದು, ಮಕ್ಕಳ ಶಾಲೆಯ ವರ್ಗಾವಣೆ ಪತ್ರ ಪಡೆಯುವುದು ಸರಿಯಾದ ಕ್ರಮವಲ್ಲ. ಈ ಕಾರ್ಯಕ್ರಮಕ್ಕೆ ಭಾರತದ ಯಾವುದೇ ಸರ್ಕಾರಿ ಕಚೇರಿಯಲ್ಲಿ ಅರ್ಜಿ ಸ್ವೀಕರಿಸಲಾಗುವುದಿಲ್ಲ. ಶಿಫಾರಸು ಪತ್ರಗಳನ್ನೂ ನೀಡಲಾಗುವುದಿಲ್ಲ.

ಕಾರ್ಯಕ್ರಮದ ಹಿನ್ನೆಲೆ

ಭಾರತದ ಸಂವಿಧಾನದ ಏಳನೆಯ ಅನುಸೂಚಿಯಂತೆ ದೇಶದೊಳಗೆ ಪ್ರವೇಶ, ಹೊರದೇಶಕ್ಕೆ ವಲಸೆ, ಪಾಸ್‌ಪೋರ್ಟ್ ಮತ್ತು ವೀಸಾ ವಿಷಯಗಳು ಕೇಂದ್ರ ಪಟ್ಟಿಯಲ್ಲಿವೆ. ರಾಜ್ಯಗಳಿಗೆ ಇವುಗಳಲ್ಲಿ ಪಾತ್ರವಿಲ್ಲ. ಕೆನಡಾದ ವ್ಯವಸ್ಥೆ ಇದಕ್ಕಿಂತ ಭಿನ್ನವಾಗಿದೆ. ಅಲ್ಲಿನ 1867ರ ಸಂವಿಧಾನ ಅಧಿನಿಯಮದ 95ನೇ ಪ್ರಕರಣವು ಕೃಷಿ ಮತ್ತು ವಲಸೆ ಎಂಬ ಎರಡು ವಿಷಯಗಳಲ್ಲಿ ಒಕ್ಕೂಟ ಹಾಗೂ ಪ್ರಾಂತ್ಯಗಳೆರಡಕ್ಕೂ ಶಾಸನಾಧಿಕಾರ ನೀಡಿದೆ. ಖಾಲಿ ನೆಲಕ್ಕೆ ಒಕ್ಕಲುಗಳನ್ನು ಕರೆತರುವುದೇ ಅಂದಿನ ವಲಸೆಯ ಮುಖ್ಯ ಉದ್ದೇಶವಾಗಿದ್ದುದರಿಂದ ಈ ಎರಡು ವಿಷಯಗಳು ಒಂದೇ ಪ್ರಕರಣದಲ್ಲಿ ಸೇರಿರುವುದು ಆಶ್ಚರ್ಯವಲ್ಲ.

ಇಪ್ಪತ್ತನೆಯ ಶತಮಾನದ ಕೊನೆಯ ವೇಳೆಗೆ ಹೊಸದಾಗಿ ಬರುವವರಲ್ಲಿ ಹೆಚ್ಚಿನವರು ಟೊರಾಂಟೊ, ಮಾಂಟ್ರಿಯಲ್ ಮತ್ತು ವ್ಯಾಂಕೂವರ್ ನಗರಗಳಲ್ಲಿಯೇ ನೆಲೆಸುತ್ತಿದ್ದರು. ಉಳಿದ ಪ್ರಾಂತ್ಯಗಳಲ್ಲಿ ಕೆಲಸವಿತ್ತು, ಕೆಲಸಗಾರರಿರಲಿಲ್ಲ. ಈ ಕೊರತೆಯನ್ನು ನೀಗಿಸಲು ತಮಗೆ ಬೇಕಾದವರನ್ನು ತಾವೇ ಗುರುತಿಸುವ ಅವಕಾಶವನ್ನು ಪ್ರಾಂತ್ಯಗಳು ಕೋರಿದವು. 1996ರಲ್ಲಿ ಮ್ಯಾನಿಟೋಬ ಪ್ರಾಂತ್ಯವು ಒಕ್ಕೂಟ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು, 1998ರಲ್ಲಿ ನಾಮನಿರ್ದೇಶನ ಪದ್ಧತಿಯನ್ನು ಜಾರಿಗೆ ತಂದಿತು. ಇತರ ಪ್ರಾಂತ್ಯಗಳು ಒಂದೊಂದಾಗಿ ಅದೇ ದಾರಿ ಹಿಡಿದವು. ಒಂಟಾರಿಯೊ ಪ್ರಾಂತ್ಯ ಸೇರಿದ್ದು 2007ರಲ್ಲಿ. ಪ್ರಸ್ತುತ 11 ಪ್ರಾಂತ್ಯ ಮತ್ತು ಪ್ರದೇಶಗಳಲ್ಲಿ ಈ ಕಾರ್ಯಕ್ರಮವಿದೆ. ಕ್ವಿಬೆಕ್ ಪ್ರಾಂತ್ಯವು 1991ರ ಪ್ರತ್ಯೇಕ ಒಪ್ಪಂದದಂತೆ ತನ್ನ ವಲಸಿಗರನ್ನು ತಾನೇ ಆಯ್ಕೆ ಮಾಡುವುದರಿಂದ ಇದರಲ್ಲಿ ಸೇರಿಲ್ಲ. ಉತ್ತರದ ನುನಾವುಟ್ ಪ್ರದೇಶದಲ್ಲಿಯೂ ಈ ಕಾರ್ಯಕ್ರಮವಿಲ್ಲ.

ಹೆಸರಿನ ಹೋಲಿಕೆಯಿಂದ ಗೊಂದಲವಾಗುವ ಇನ್ನೆರಡು ಯೋಜನೆಗಳಿವೆ. ಪೂರ್ವ ಕರಾವಳಿಯ ನಾಲ್ಕು ಪ್ರಾಂತ್ಯಗಳಿಗೆ ಸಂಬಂಧಿಸಿದ ಅಟ್ಲಾಂಟಿಕ್ ವಲಸೆ ಕಾರ್ಯಕ್ರಮವು 2017ರಲ್ಲಿ ಪ್ರಾಯೋಗಿಕವಾಗಿ ಆರಂಭಗೊಂಡು 2022ರ ಜನವರಿಯಿಂದ ಕಾಯಂ ಆಯಿತು. 14 ಸಣ್ಣ ಸಮುದಾಯಗಳಿಗಾಗಿ ಗ್ರಾಮೀಣ ಸಮುದಾಯ ವಲಸೆ ಪ್ರಾಯೋಗಿಕ ಯೋಜನೆಯನ್ನು 2025ರಲ್ಲಿ ಪ್ರಕಟಿಸಲಾಯಿತು. ಎರಡರಲ್ಲಿಯೂ ಮಾನ್ಯತೆ ಪಡೆದ ಉದ್ಯೋಗದಾತರಿಂದ ಉದ್ಯೋಗದ ಆಹ್ವಾನ ಇರಬೇಕಾಗುತ್ತದೆ. ಇವು ಈ ಪುಟದ ವ್ಯಾಪ್ತಿಗೆ ಸೇರಿಲ್ಲ.

ಪ್ರಾಂತ್ಯದ ಅಧಿಕಾರ, ಒಕ್ಕೂಟದ ಅಧಿಕಾರ

ಅರ್ಜಿಯು ಎರಡು ಹಂತಗಳಲ್ಲಿ ಪರಿಶೀಲನೆಗೆ ಒಳಪಡುತ್ತದೆ. ಮೊದಲ ಹಂತದಲ್ಲಿ ಪ್ರಾಂತ್ಯವು ಅಭ್ಯರ್ಥಿಯ ವೃತ್ತಿ, ವಿದ್ಯಾರ್ಹತೆ, ಭಾಷಾಜ್ಞಾನ ಮತ್ತು ಅನುಭವ ತನ್ನ ಅಗತ್ಯಕ್ಕೆ ಹೊಂದುತ್ತದೆಯೇ, ಅಭ್ಯರ್ಥಿಯು ಆ ಪ್ರಾಂತ್ಯದಲ್ಲಿ ನೆಲೆನಿಲ್ಲುವ ಸಾಧ್ಯತೆ ಇದೆಯೇ ಎಂದು ಪರಿಶೀಲಿಸುತ್ತದೆ. ಸಾಮಾನ್ಯವಾಗಿ ಅಭ್ಯರ್ಥಿಯು ಆಸಕ್ತಿ ಪತ್ರವನ್ನು ಆನ್‌ಲೈನ್ ಮೂಲಕ ದಾಖಲಿಸುತ್ತಾರೆ. ಅಂಕಗಳ ಆಧಾರದ ಮೇಲೆ ಪ್ರಾಂತ್ಯವು ಕೆಲವರನ್ನು ಆಹ್ವಾನಿಸುತ್ತದೆ. ಆಹ್ವಾನಿತರು ದಾಖಲೆಗಳೊಂದಿಗೆ ಪೂರ್ಣ ಅರ್ಜಿ ಸಲ್ಲಿಸುತ್ತಾರೆ. ಆಸಕ್ತಿ ಪತ್ರವು ಅರ್ಜಿಯಲ್ಲ. ಅದನ್ನು ದಾಖಲಿಸಿದ ಮಾತ್ರಕ್ಕೆ ಆಹ್ವಾನ ಬಂದೇ ತೀರಬೇಕೆಂಬ ಹಕ್ಕು ಯಾರಿಗೂ ಉಂಟಾಗುವುದಿಲ್ಲ.

ಎರಡನೆಯ ಹಂತದಲ್ಲಿ ಒಕ್ಕೂಟ ಸರ್ಕಾರದ ವಲಸೆ ಇಲಾಖೆಯು ಆರೋಗ್ಯ, ಅಪರಾಧ ಹಿನ್ನೆಲೆ, ಭದ್ರತೆ ಹಾಗೂ ದಾಖಲೆಗಳ ನೈಜತೆಯನ್ನು ತನಿಖೆ ಮಾಡುತ್ತದೆ. ನಾಮನಿರ್ದೇಶಿತರು ಕೆನಡಾದಲ್ಲಿ ಆರ್ಥಿಕವಾಗಿ ನೆಲೆಯೂರಬಲ್ಲರೆಂಬುದಕ್ಕೆ ಪ್ರಾಂತ್ಯದ ಪತ್ರ ಸಾಲದೆಂದು ಕಂಡುಬಂದಲ್ಲಿ, ಪ್ರಾಂತ್ಯದೊಂದಿಗೆ ಸಮಾಲೋಚಿಸಿ ಮತ್ತು ಇನ್ನೊಬ್ಬ ಅಧಿಕಾರಿಯ ಸಹಮತಿ ಪಡೆದು, ಪ್ರತಿಕೂಲ ನಿರ್ಣಯ ಕೈಗೊಳ್ಳಲು ವಲಸೆ ನಿಯಮಾವಳಿಯ 87ನೇ ನಿಯಮವು ಅಧಿಕಾರಿಗೆ ಅವಕಾಶ ಕಲ್ಪಿಸಿದೆ. ಹೀಗಾಗಿ ನಾಮನಿರ್ದೇಶನದ ನಂತರವೂ ಅರ್ಜಿ ತಿರಸ್ಕೃತವಾಗುವ ಸಂಭವವಿದೆ. ಅಧಿಕಾರಿಗೆ ಸಂದೇಹ ಬಂದಾಗ ವಿವರಣೆ ಕೋರಿ ಪತ್ರ ಬರುವುದು ರೂಢಿ. ಅದಕ್ಕೆ ನಿಗದಿತ ದಿನಗಳೊಳಗೆ ದಾಖಲೆ ಸಹಿತ ಉತ್ತರಿಸತಕ್ಕದ್ದು. ಆ ಪತ್ರ ಏಜೆಂಟರ ಇ-ಮೇಲ್ ವಿಳಾಸಕ್ಕೆ ಹೋಗಿ ಅರ್ಜಿದಾರರ ಗಮನಕ್ಕೇ ಬಾರದೆ ಅವಧಿ ಮುಗಿದುಹೋಗಬಾರದು. ಅದಕ್ಕಾಗಿ ಅರ್ಜಿಯಲ್ಲಿ ಅರ್ಜಿದಾರರ ಸ್ವಂತ ಇ-ಮೇಲ್ ವಿಳಾಸವನ್ನೇ ನಮೂದಿಸುವುದು ಒಳಿತು.

ನಾಮನಿರ್ದೇಶನದ ಎರಡು ಬಗೆಗಳು

ಕೆನಡಾ ಸರ್ಕಾರವು 2015ರ ಜನವರಿ 1ರಿಂದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಆನ್‌ಲೈನ್ ವ್ಯವಸ್ಥೆಯನ್ನು ಜಾರಿಗೊಳಿಸಿದೆ. ಇದರೊಂದಿಗೆ ಜೋಡಣೆಯಾದ ನಾಮನಿರ್ದೇಶನಕ್ಕೆ 600 ಹೆಚ್ಚುವರಿ ಅಂಕಗಳು ಲಭಿಸುತ್ತವೆ. ಒಟ್ಟು ಅಂಕಗಳೇ 1,200 ಆಗಿರುವುದರಿಂದ, ಈ 600 ಅಂಕ ಪಡೆದವರಿಗೆ ಒಕ್ಕೂಟದ ಆಹ್ವಾನ ಬರುವುದು ಬಹುಮಟ್ಟಿಗೆ ಖಚಿತ. ಆದರೆ ಈ ಬಗೆಯ ಅಭ್ಯರ್ಥಿಗಳು ಪ್ರಾಂತ್ಯದ ಷರತ್ತುಗಳ ಜೊತೆಗೆ ಎಕ್ಸ್‌ಪ್ರೆಸ್ ಎಂಟ್ರಿಯ ಮೂಲ ಅರ್ಹತೆಯನ್ನೂ ಹೊಂದಿರಲೇಬೇಕು. ನಾಮನಿರ್ದೇಶನದ ಸೂಚನೆ ಬಂದ 30 ದಿನಗಳೊಳಗೆ ಅದನ್ನು ಆನ್‌ಲೈನ್ ಖಾತೆಯಲ್ಲಿ ಅಂಗೀಕರಿಸಬೇಕು; ಒಕ್ಕೂಟದ ಆಹ್ವಾನ ಬಂದ ಮೇಲೆ 60 ದಿನಗಳೊಳಗೆ ಪೂರ್ಣ ಅರ್ಜಿ ಸಲ್ಲಿಸಬೇಕು.

ಇನ್ನೊಂದು ಬಗೆಯದು ಎಕ್ಸ್‌ಪ್ರೆಸ್ ಎಂಟ್ರಿಯ ಹೊರಗಿನ ಮೂಲ ನಾಮನಿರ್ದೇಶನ. ಇಲ್ಲಿ ನಾಮನಿರ್ದೇಶನ ಪತ್ರದಲ್ಲಿ ನಮೂದಿಸಿದ ಅವಧಿಯೊಳಗೆ ಕಾಯಂ ನಿವಾಸಕ್ಕೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕು. ಎಕ್ಸ್‌ಪ್ರೆಸ್ ಎಂಟ್ರಿಯ ಅರ್ಹತೆಗಿಂತ ಕಡಿಮೆ ಭಾಷಾ ಮಟ್ಟದವರಿಗೆ, ಕೆಲವು ಕುಶಲಕರ್ಮಿ ವೃತ್ತಿಗಳವರಿಗೆ ಇದು ಅನುಕೂಲ. ಇತ್ಯರ್ಥಕ್ಕೆ ತಗಲುವ ಕಾಲ ಮಾತ್ರ ಹೆಚ್ಚು. ಎಕ್ಸ್‌ಪ್ರೆಸ್ ಎಂಟ್ರಿ ಅರ್ಜಿಗಳಿಗೆ ಆರು ತಿಂಗಳ ಗುರಿ ಇರಿಸಿಕೊಳ್ಳಲಾಗಿದ್ದು, ಮೂಲ ನಾಮನಿರ್ದೇಶನದ ಅರ್ಜಿಗಳು ಅದಕ್ಕಿಂತ ಬಹಳ ದೀರ್ಘಕಾಲ ತೆಗೆದುಕೊಳ್ಳುತ್ತವೆ. ತಮ್ಮ ಅರ್ಜಿ ಯಾವ ಬಗೆಯದು ಎಂಬುದನ್ನು ಹಣ ಪಾವತಿಸುವ ಮೊದಲೇ ಅರ್ಜಿದಾರರು ಖಚಿತಪಡಿಸಿಕೊಳ್ಳತಕ್ಕದ್ದು.

ವಾರ್ಷಿಕ ಮಿತಿ

ಪ್ರಾಂತ್ಯಗಳು ವರ್ಷಕ್ಕೆ ಎಷ್ಟು ಜನರನ್ನು ನಾಮನಿರ್ದೇಶನ ಮಾಡಬಹುದೆಂಬುದನ್ನು ಒಕ್ಕೂಟ ಸರ್ಕಾರವು ನಿಗದಿಪಡಿಸುತ್ತದೆ. ಈ ಸಂಖ್ಯೆ ಸ್ಥಿರವಲ್ಲ. ಈ ಕಾರ್ಯಕ್ರಮದಡಿ ಕಾಯಂ ನಿವಾಸ ನೀಡುವ ಗುರಿಯು 2024ನೇ ಸಾಲಿಗೆ 1,10,000 ಇದ್ದುದು, 2025ನೇ ಸಾಲಿಗೆ 55,000ಕ್ಕೆ ಇಳಿಯಿತು. 2025ರ ನವೆಂಬರಿನಲ್ಲಿ ಪ್ರಕಟವಾದ ಯೋಜನೆಯಲ್ಲಿ 2026ನೇ ಸಾಲಿನ ಗುರಿಯನ್ನು 91,500ಕ್ಕೆ ಏರಿಸಲಾಯಿತು. ಗುರಿ ಅರ್ಧಕ್ಕಿಳಿದ ವರ್ಷದಲ್ಲಿ ಹಲವು ಪ್ರಾಂತ್ಯಗಳು ತಮ್ಮ ಕೆಲವು ವಿಭಾಗಗಳನ್ನು ಮುಚ್ಚಿದವು ಅಥವಾ ಬಿಗಿಗೊಳಿಸಿದವು. ಕೆನಡಾದಲ್ಲಿ ಈಗಾಗಲೇ ತಾತ್ಕಾಲಿಕ ಪರವಾನಗಿಯ ಮೇಲೆ ಇರುವವರಿಗೇ ನಾಲ್ಕರಲ್ಲಿ ಮೂರು ಪಾಲು ಮೀಸಲಿಡಬೇಕಾಗಿದೆ ಎಂದು ಸಸ್ಕಾಚೆವಾನ್ ಪ್ರಾಂತ್ಯವು 2025ರಲ್ಲಿ ಪ್ರಕಟಿಸಿತು.

ಬೆಂಗಳೂರು, ಮಂಗಳೂರು ಅಥವಾ ಹುಬ್ಬಳ್ಳಿಯಿಂದ ನೇರವಾಗಿ ಅರ್ಜಿ ಹಾಕುವವರಿಗೆ ಇದರ ಅರ್ಥ ಸ್ಪಷ್ಟವಿದೆ. ಎರಡು ವರ್ಷದ ಹಿಂದೆ ನೆರೆಮನೆಯವರಿಗೆ ಯಾವ ಅಂಕಕ್ಕೆ ಆಹ್ವಾನ ಬಂದಿತ್ತೋ ಅದೇ ಅಂಕಕ್ಕೆ ಈಗ ಬರುವುದೆಂದು ನಂಬಿ ಖರ್ಚು ಮಾಡುವಂತಿಲ್ಲ. ಪ್ರಾಂತ್ಯದ ವಿಭಾಗವು ಅಂದು ತೆರೆದಿದೆಯೇ, ತಮ್ಮ ವೃತ್ತಿ ಸಂಕೇತ ಅದರ ಪಟ್ಟಿಯಲ್ಲಿದೆಯೇ ಎಂಬುದನ್ನು ಆಯಾ ಪ್ರಾಂತ್ಯದ ಅಧಿಕೃತ ಜಾಲತಾಣದಲ್ಲಿ ಸ್ವತಃ ನೋಡಿಕೊಳ್ಳಬೇಕು. ವೃತ್ತಿ ವರ್ಗೀಕರಣವೂ 2022ರ ನವೆಂಬರಿನಲ್ಲಿ ಬದಲಾಗಿದ್ದು, ನಾಲ್ಕು ಅಂಕಿಗಳ ಹಳೆಯ ಸಂಕೇತಗಳ ಬದಲಿಗೆ ಈಗ ಐದು ಅಂಕಿಗಳ ಸಂಕೇತಗಳು ಬಳಕೆಯಲ್ಲಿವೆ. ಹಳೆಯ ಸಂಕೇತ ತೋರಿಸಿ ಸಲಹೆ ನೀಡುವವರ ಮಾಹಿತಿ ಎಷ್ಟು ಹಳೆಯದೆಂದು ಇದರಿಂದಲೇ ತಿಳಿಯುತ್ತದೆ.

ಪ್ರಾಂತ್ಯದಲ್ಲಿ ನೆಲೆಸುವ ಉದ್ದೇಶ

ಈ ಕಾರ್ಯಕ್ರಮದಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಈ ವಿಷಯದಲ್ಲಿ. 87ನೇ ನಿಯಮದಂತೆ ಪ್ರಾಂತೀಯ ನಾಮನಿರ್ದೇಶಿತ ವರ್ಗಕ್ಕೆ ಸೇರಲು ಎರಡು ಅಂಶಗಳು ಅಗತ್ಯ: ಪ್ರಾಂತ್ಯದ ನಾಮನಿರ್ದೇಶನ ಪತ್ರದಲ್ಲಿ ಹೆಸರಿರಬೇಕು, ಹಾಗೂ ಅದೇ ಪ್ರಾಂತ್ಯದಲ್ಲಿ ವಾಸಿಸುವ ಉದ್ದೇಶವಿರಬೇಕು. ಪ್ರಾಂತ್ಯವು ತನ್ನ ಸೀಮಿತ ಸ್ಥಾನಗಳಲ್ಲಿ ಒಂದನ್ನು ಅಭ್ಯರ್ಥಿಗೆ ನೀಡುವುದು ತನ್ನಲ್ಲಿನ ಆಸ್ಪತ್ರೆ, ಕಾರ್ಖಾನೆ, ಶಾಲೆಗಳಿಗೆ ಜನ ಬೇಕೆಂಬ ಕಾರಣಕ್ಕೆ. ಅಭ್ಯರ್ಥಿ ಅಲ್ಲಿಗೆ ಹೋಗದಿದ್ದರೆ ಆ ಸ್ಥಾನ ವ್ಯರ್ಥವಾಗುತ್ತದೆ. ಅಲ್ಲಿಯೇ ನೆಲೆಸಬೇಕೆಂದಿದ್ದ ಇನ್ನೊಬ್ಬರಿಗೆ ತಪ್ಪಿಹೋಗುತ್ತದೆ.

ಇನ್ನೊಂದೆಡೆ, 1982ರಲ್ಲಿ ಜಾರಿಗೆ ಬಂದ ಕೆನಡಾದ ಹಕ್ಕುಗಳ ಸನ್ನದಿನ 6ನೇ ಪ್ರಕರಣವು ಪ್ರತಿಯೊಬ್ಬ ನಾಗರಿಕನಿಗೂ ಕಾಯಂ ನಿವಾಸಿಗೂ ಯಾವುದೇ ಪ್ರಾಂತ್ಯಕ್ಕೆ ಹೋಗಿ ನೆಲೆಸುವ, ಜೀವನೋಪಾಯ ಕಂಡುಕೊಳ್ಳುವ ಹಕ್ಕನ್ನು ನೀಡಿದೆ. ಈ ಪ್ರಕರಣವನ್ನು ತೋರಿಸಿ, ಯಾವ ಪ್ರಾಂತ್ಯದಿಂದ ನಾಮನಿರ್ದೇಶನ ಪಡೆದರೂ ವಿಮಾನವಿಳಿದ ಕೂಡಲೇ ಟೊರಾಂಟೊಗೆ ಹೋಗಬಹುದೆಂದು ಕೆಲವು ಸಲಹೆಗಾರರು ಹೇಳುತ್ತಾರೆ. ಈ ಮಾತು ಅರ್ಧ ಮಾತ್ರ ಸರಿ. ಕಾಯಂ ನಿವಾಸಿಯಾದ ನಂತರ ಸ್ಥಳ ಬದಲಾಯಿಸುವುದು ಅಪರಾಧವಲ್ಲ. ಆದರೆ ಅರ್ಜಿ ಸಲ್ಲಿಸಿದಾಗ ಮತ್ತು ಕಾಯಂ ನಿವಾಸ ದೊರೆಯುವ ಕ್ಷಣದಲ್ಲಿ ಉದ್ದೇಶ ಪ್ರಾಮಾಣಿಕವಾಗಿತ್ತೇ ಎಂಬುದು ಬೇರೆಯೇ ಪ್ರಶ್ನೆ. ಉದ್ದೇಶವಿಲ್ಲದೆ ಇದೆಯೆಂದು ಬರೆದುಕೊಟ್ಟರೆ ಅದು ಸುಳ್ಳು ನಿರೂಪಣೆಯಾಗುತ್ತದೆ. ವಲಸೆ ಮತ್ತು ನಿರಾಶ್ರಿತರ ಸಂರಕ್ಷಣಾ ಅಧಿನಿಯಮದ 40ನೇ ಪ್ರಕರಣದಂತೆ ಸುಳ್ಳು ನಿರೂಪಣೆಗೆ ಐದು ವರ್ಷಗಳ ಪ್ರವೇಶ ನಿರ್ಬಂಧವಿದ್ದು, ಆ ಅವಧಿಯಲ್ಲಿ ಕಾಯಂ ನಿವಾಸಕ್ಕೆ ಮತ್ತೆ ಅರ್ಜಿ ಹಾಕುವಂತಿಲ್ಲ. ಕಾಯಂ ನಿವಾಸಿಯಾದ ನಂತರ ಇದು ಬೆಳಕಿಗೆ ಬಂದರೂ ಪ್ರಕರಣ ಹೂಡಿ ಆ ಸ್ಥಾನಮಾನವನ್ನು ಹಿಂಪಡೆಯಲು ಅವಕಾಶವಿದೆ.

ಕಾಯಂ ನಿವಾಸ ಅಂತಿಮಗೊಳ್ಳುವ ಮೊದಲು ಪ್ರಾಂತ್ಯವು ತನ್ನ ನಾಮನಿರ್ದೇಶನವನ್ನು ಹಿಂಪಡೆಯಬಹುದು. ಆಗಮನದ ವೇಳೆ ಅಧಿಕಾರಿಯು ಎಲ್ಲಿ ವಾಸಿಸುವಿರಿ ಎಂದು ಕೇಳುವುದುಂಟು. ನಾಮನಿರ್ದೇಶನ ಮಾಡಿದ ಪ್ರಾಂತ್ಯಕ್ಕೆ ಹೋಗುವುದಿಲ್ಲವೆಂದು ಉತ್ತರಿಸಿದವರ ಪ್ರವೇಶ ಪ್ರಕ್ರಿಯೆ ಅಲ್ಲಿಯೇ ನಿಲ್ಲಬಹುದು.

ಹೋದ ಮೇಲೆ ಪರಿಸ್ಥಿತಿ ಬದಲಾಗುವುದು ಸಹಜ. ಮ್ಯಾನಿಟೋಬದಲ್ಲಿ ಮನೆ ಹಿಡಿದು, ತಿಂಗಳುಗಟ್ಟಲೆ ಕೆಲಸ ಹುಡುಕಿ, ಸಿಗದೆ ಬೇರೆಡೆ ಹೋದವರದೂ ಮೊದಲ ದಿನವೇ ಬೇರೆ ಪ್ರಾಂತ್ಯದಲ್ಲಿಳಿದವರದೂ ಒಂದೇ ಪ್ರಕರಣವಲ್ಲ. ಮೊದಲನೆಯವರು ಬಾಡಿಗೆ ಕರಾರು, ಉದ್ಯೋಗ ಅರ್ಜಿಗಳ ಪ್ರತಿಗಳು, ಮಕ್ಕಳ ಶಾಲಾ ದಾಖಲಾತಿ ಮುಂತಾದ ಕಾಗದಗಳನ್ನು ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು. ಮುಂದೆ ಪ್ರಶ್ನೆ ಎದುರಾದಲ್ಲಿ ಉದ್ದೇಶಕ್ಕೆ ಸಾಕ್ಷಿಯಾಗುವುದು ಇವೇ.

ಪ್ರಾಂತ್ಯಗಳೂ ಈ ವಿಷಯವನ್ನು ಆಯ್ಕೆಯ ಹಂತದಲ್ಲಿಯೇ ತೂಗಿ ನೋಡುತ್ತವೆ. ಮ್ಯಾನಿಟೋಬದ ಅಂಕಪದ್ಧತಿಯಲ್ಲಿ ಅಲ್ಲಿ ಹತ್ತಿರದ ಸಂಬಂಧಿಕರಿದ್ದರೆ ಅಥವಾ ಹಿಂದೆ ಅಲ್ಲಿ ಓದಿದ್ದರೆ, ದುಡಿದಿದ್ದರೆ ಅನುಕೂಲವಿದೆ. ಬೇರೆ ಪ್ರಾಂತ್ಯದಲ್ಲಿ ಓದಿದ, ದುಡಿದ ಅಥವಾ ಬೇರೆ ಪ್ರಾಂತ್ಯಕ್ಕೆ ವಲಸೆ ಅರ್ಜಿ ಹಾಕಿದ ಹಿನ್ನೆಲೆಗೆ ಅಂಕ ಕಡಿತವಿದೆ. ಒಂದೇ ವಾರದಲ್ಲಿ ನಾಲ್ಕು ಪ್ರಾಂತ್ಯಗಳಿಗೆ ನಾಲ್ಕು ಪತ್ರ ಬರೆದು ಪ್ರತಿಯೊಂದರಲ್ಲೂ ಅದೇ ತಮ್ಮ ಏಕೈಕ ಆಯ್ಕೆಯೆಂದು ಹೇಳಿಕೊಳ್ಳುವುದರಿಂದ ಪ್ರಯೋಜನವಿಲ್ಲ.

ದಾಖಲೆಗಳು

ಹೆಸರು: ಕರ್ನಾಟಕದ ಅರ್ಜಿದಾರರಿಗೆ ಮೊದಲ ತೊಡಕು ಹೆಸರಿನಲ್ಲಿಯೇ ಬರುತ್ತದೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಿರುತ್ತವೆ. ಪಾಸ್‌ಪೋರ್ಟಿನಲ್ಲಿ ಅವು ವಿಸ್ತರಣೆಗೊಂಡಿರುತ್ತವೆ. ಪದವಿ ಪತ್ರದಲ್ಲಿ ಮೊದಲಕ್ಷರಗಳು ಹೆಸರಿನ ಹಿಂದಿನಿಂದ ಮುಂದಕ್ಕೆ ಸರಿದಿರುತ್ತವೆ. ಇಲ್ಲಿನ ಕಚೇರಿಗಳಿಗೆ ಇದು ಹೊಸದಲ್ಲ, ಅಲ್ಲಿನ ಅಧಿಕಾರಿಗೆ ಇವರು ಮೂವರು ಬೇರೆ ಬೇರೆ ವ್ಯಕ್ತಿಗಳಂತೆ ಕಾಣಬಹುದು. ಮೂರೂ ಹೆಸರುಗಳು ಒಬ್ಬರದೇ ಎಂಬ ಅಫಿಡವಿಟ್ ಅನ್ನು ನೋಟರಿಯಿಂದ ಮಾಡಿಸಿ ಇರಿಸಿಕೊಳ್ಳುವುದು ಸೂಕ್ತ. ಪಾಸ್‌ಪೋರ್ಟಿನಲ್ಲಿ ಉಪನಾಮದ ಅಂಕಣ ಖಾಲಿ ಇದ್ದವರು, ಕೆನಡಾದ ನಮೂನೆಯಲ್ಲಿ ತಮ್ಮ ಪೂರ್ತಿ ಹೆಸರನ್ನು ಉಪನಾಮದ ಅಂಕಣದಲ್ಲಿ ಬರೆದು ಇನ್ನೊಂದು ಅಂಕಣವನ್ನು ಖಾಲಿ ಬಿಡಬೇಕು.

ಅನುಭವ ಪತ್ರ: ಕಂಪನಿಗಳು ಸಾಮಾನ್ಯವಾಗಿ ನೀಡುವ ರಿಲೀವಿಂಗ್ ಪತ್ರದಲ್ಲಿ ಹುದ್ದೆ ಮತ್ತು ದಿನಾಂಕಗಳಷ್ಟೇ ಇರುತ್ತವೆ. ಕೆನಡಾದ ಇಲಾಖೆಗೆ ಅಷ್ಟು ಸಾಲದು. ಕಂಪನಿಯ ಲೆಟರ್‌ಹೆಡ್‌ನಲ್ಲಿ, ಅಧಿಕಾರಿಯ ಹೆಸರು, ಹುದ್ದೆ ಮತ್ತು ಸಹಿಯೊಂದಿಗೆ, ಅರ್ಜಿದಾರರು ನಿರ್ವಹಿಸಿದ ಪ್ರತಿ ಹುದ್ದೆಯ ಅವಧಿ, ಕರ್ತವ್ಯಗಳು, ವಾರದ ಕೆಲಸದ ಗಂಟೆಗಳು, ವಾರ್ಷಿಕ ವೇತನ ಮತ್ತು ಸೌಲಭ್ಯಗಳ ವಿವರ ಇರಬೇಕು. ಕರ್ತವ್ಯಗಳ ಪಟ್ಟಿಯನ್ನು ಕೆನಡಾದ ವೃತ್ತಿ ವರ್ಗೀಕರಣ ಪುಸ್ತಕದಿಂದ ಯಥಾವತ್ತಾಗಿ ನಕಲು ಮಾಡಿಸುವ ಅಭ್ಯಾಸವಿದೆ. ಅಧಿಕಾರಿಗಳು ದಿನವೂ ಓದುವ ಪುಸ್ತಕ ಅದಾಗಿರುವುದರಿಂದ ನಕಲು ಕೂಡಲೇ ಗೊತ್ತಾಗುತ್ತದೆ. ವಾಸ್ತವವಾಗಿ ಮಾಡಿದ ಕೆಲಸವನ್ನು ಸರಳವಾಗಿ ಬರೆಯಿಸುವುದೇ ಮೇಲು. ಕಂಪನಿಯು ಇಂತಹ ಪತ್ರ ನೀಡಲು ನಿರಾಕರಿಸಿದಲ್ಲಿ, ಕಾರಣ ತಿಳಿಸುವ ಸ್ವಂತ ವಿವರಣೆ, ನೇಮಕಾತಿ ಆದೇಶ, ವೇತನ ಚೀಟಿಗಳು, ನಮೂನೆ 16 ಮತ್ತು ಮೇಲಧಿಕಾರಿಯ ಹೇಳಿಕೆಯನ್ನು ಒಟ್ಟಾಗಿ ಸಲ್ಲಿಸಬಹುದಾಗಿದೆ. ಅಂಗೀಕರಿಸುವುದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು.

ವಿದ್ಯಾರ್ಹತೆ ಮತ್ತು ಭಾಷೆ: ವಿದ್ಯಾರ್ಹತಾ ಮೌಲ್ಯಮಾಪನವನ್ನು ಕೆನಡಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಗಳಿಂದಲೇ ಮಾಡಿಸಬೇಕು. ಈ ಸಂಸ್ಥೆಗಳಲ್ಲಿ ಹಲವು ಅಂಕ ವಿವರಗಳನ್ನು ವಿಶ್ವವಿದ್ಯಾಲಯವೇ ನೇರವಾಗಿ ಕಳುಹಿಸಬೇಕೆಂದು ಕೇಳುವುದರಿಂದ, ಇದಕ್ಕೆ ಸಾಕಷ್ಟು ಮುಂಚಿತವಾಗಿ ಕುಲಸಚಿವರ ಕಚೇರಿಗೆ ಅರ್ಜಿ ಸಲ್ಲಿಸತಕ್ಕದ್ದು. ಮೌಲ್ಯಮಾಪನ ವರದಿಗೆ ಐದು ವರ್ಷ, ಐಇಎಲ್‌ಟಿಎಸ್ ಮುಂತಾದ ಭಾಷಾ ಪರೀಕ್ಷೆಗೆ ಎರಡು ವರ್ಷ ಮಾನ್ಯತೆ ಇರುತ್ತದೆ. ಪ್ರಾಂತ್ಯದ ಆಹ್ವಾನಕ್ಕಾಗಿ ಕಾಯುತ್ತಿರುವಾಗಲೇ ಭಾಷಾ ಪರೀಕ್ಷೆಯ ಅವಧಿ ಮುಗಿದು, ಒಕ್ಕೂಟದ ಹಂತದಲ್ಲಿ ಅರ್ಜಿ ನಿಲ್ಲುವ ಅಪಾಯವಿದೆ.

ಪೊಲೀಸ್ ಪ್ರಮಾಣಪತ್ರ: ಭಾರತದ ಪಿ.ಸಿ.ಸಿ.ಯನ್ನು ಪಾಸ್‌ಪೋರ್ಟ್ ಸೇವಾ ವ್ಯವಸ್ಥೆಯ ಮೂಲಕ ಪಡೆಯಬೇಕು. ಕಳೆದ ಹತ್ತು ವರ್ಷಗಳಲ್ಲಿ ಸತತ ಆರು ತಿಂಗಳು ಅಥವಾ ಹೆಚ್ಚು ಕಾಲ ವಾಸವಿದ್ದ ಪ್ರತಿಯೊಂದು ದೇಶದಿಂದಲೂ ಇಂತಹ ಪತ್ರ ಬೇಕಾಗುತ್ತದೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಹಿಂದಿರುಗಿದವರಿಗೆ ಅಲ್ಲಿಂದ ಪತ್ರ ತರಿಸಲು ಹೆಚ್ಚು ಸಮಯ ಹಿಡಿಯುವುದರಿಂದ 60 ದಿನಗಳ ಗಡುವು ಆರಂಭವಾಗುವ ಮೊದಲೇ ಪ್ರಯತ್ನಿಸುವುದು ಒಳಿತು.

ನೆಲೆಯೂರಲು ಬೇಕಾದ ಹಣ: ಎಕ್ಸ್‌ಪ್ರೆಸ್ ಎಂಟ್ರಿಯ ಕುಶಲ ಕಾರ್ಮಿಕ ವರ್ಗದಲ್ಲಿ ಕೆನಡಾದ ಉದ್ಯೋಗವಿಲ್ಲದೆ ಅರ್ಜಿ ಹಾಕುವವರು ನಿಗದಿತ ಮೊತ್ತವನ್ನು ತೋರಿಸಬೇಕು. ಕುಟುಂಬದ ಸದಸ್ಯರ ಸಂಖ್ಯೆಗೆ ಅನುಗುಣವಾದ ಈ ಮೊತ್ತ ವರ್ಷಕ್ಕೊಮ್ಮೆ ಪರಿಷ್ಕೃತವಾಗುತ್ತದೆ. ಜೊತೆಗೆ ಬಾರದ ಪತ್ನಿ ಅಥವಾ ಪತಿ ಮತ್ತು ಅವಲಂಬಿತ ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬ್ಯಾಂಕಿನ ಪತ್ರದಲ್ಲಿ ಖಾತೆ ಸಂಖ್ಯೆ, ಖಾತೆ ತೆರೆದ ದಿನಾಂಕ, ಪ್ರಸಕ್ತ ಶಿಲ್ಕು, ಹಿಂದಿನ ಆರು ತಿಂಗಳ ಸರಾಸರಿ ಶಿಲ್ಕು ಮತ್ತು ಬಾಕಿ ಇರುವ ಸಾಲಗಳ ವಿವರ ಇರಬೇಕು. ಸಾಲವಾಗಿ ಪಡೆದ ಹಣವನ್ನು ಇಲ್ಲಿ ತೋರಿಸುವಂತಿಲ್ಲ. ಮನೆ, ನಿವೇಶನ, ಜಮೀನಿನ ಬೆಲೆಯೂ ಲೆಕ್ಕಕ್ಕೆ ಬರುವುದಿಲ್ಲ. ಬಂಧುಗಳಿಂದ ಅಥವಾ ಚಿನ್ನದ ಸಾಲದಿಂದ ಹಣ ತಂದು ಒಂದು ತಿಂಗಳ ಮಟ್ಟಿಗೆ ಖಾತೆಯಲ್ಲಿ ನಿಲ್ಲಿಸುವ ಉಪಾಯವು ಆರು ತಿಂಗಳ ಸರಾಸರಿಯಲ್ಲಿ ಬಯಲಾಗುತ್ತದೆ. ತಂದೆತಾಯಿ ನಿಜವಾಗಿಯೂ ಕೊಡುಗೆಯಾಗಿ ನೀಡಿದ್ದರೆ, ಹಿಂದಿರುಗಿಸಬೇಕಾಗಿಲ್ಲವೆಂಬ ಪತ್ರವನ್ನೂ ಹಣದ ಮೂಲದ ದಾಖಲೆಯನ್ನೂ ಲಗತ್ತಿಸತಕ್ಕದ್ದು.

ಕುಟುಂಬ ಸದಸ್ಯರ ಘೋಷಣೆ

ಪತ್ನಿ ಅಥವಾ ಪತಿ ಮತ್ತು 22 ವರ್ಷದೊಳಗಿನ ಅವಿವಾಹಿತ ಮಕ್ಕಳೆಲ್ಲರನ್ನೂ, ಅವರು ಕೆನಡಾಕ್ಕೆ ಬರಲಿ ಬಾರದಿರಲಿ, ಅರ್ಜಿಯಲ್ಲಿ ಕಡ್ಡಾಯವಾಗಿ ಘೋಷಿಸಬೇಕು. ಅವರ ವೈದ್ಯಕೀಯ ತಪಾಸಣೆಯೂ ಆಗಬೇಕು. ಘೋಷಿಸದೆ ಬಿಟ್ಟ ಸದಸ್ಯರನ್ನು ಮುಂದೆ ಕುಟುಂಬ ವರ್ಗದಲ್ಲಿ ಪ್ರಾಯೋಜಿಸಿ ಕರೆಸಿಕೊಳ್ಳಲು ವಲಸೆ ನಿಯಮಾವಳಿಯ 117ನೇ ನಿಯಮವು ಸಾಮಾನ್ಯವಾಗಿ ಅವಕಾಶ ನೀಡುವುದಿಲ್ಲ. ಅಂಕ ಕಡಿಮೆಯಾಗುವುದೆಂದೋ, ಹಣ ಹೆಚ್ಚು ತೋರಿಸಬೇಕಾಗುವುದೆಂದೋ ಹೆಂಡತಿ ಮಕ್ಕಳ ಹೆಸರು ಕೈಬಿಡುವ ಸಲಹೆಯನ್ನು ಪಾಲಿಸಿದವರ ಕುಟುಂಬ ಎರಡು ದೇಶಗಳಲ್ಲಿ ಒಡೆದು ಉಳಿಯುತ್ತದೆ.

ಅರ್ಜಿ ಬಾಕಿಯಿರುವಾಗ ಮದುವೆಯಾದವರು, ಮಗು ಜನಿಸಿದವರು ಆ ವಿಷಯವನ್ನು ಕೆನಡಾದಲ್ಲಿ ಕಾಯಂ ನಿವಾಸಿಯಾಗಿ ಪ್ರವೇಶಿಸುವ ಮೊದಲೇ ಅಲ್ಲಿನ ಇಲಾಖೆಗೆ ತಿಳಿಸಬೇಕು. ಬಂಧುಮಿತ್ರರ ಸಮ್ಮುಖದಲ್ಲಿ ಮದುವೆ ಮುಗಿಸಿ, ತಿಳಿಸಿದರೆ ತಡವಾಗುವುದೆಂದು ಸುಮ್ಮನಿದ್ದು, ಒಬ್ಬರೇ ಹೋಗಿ ಇಳಿಯುವುದು ಗಂಭೀರ ಪರಿಣಾಮದ ಕ್ರಮ. ಮದುವೆಗೆ ಲಗ್ನಪತ್ರಿಕೆ ಮತ್ತು ಛಾಯಾಚಿತ್ರಗಳು ಸಾಲುವುದಿಲ್ಲ. ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿ ಪ್ರಮಾಣಪತ್ರ ಪಡೆಯಬೇಕು. ಮಗುವಿನ ಜನನ ಪ್ರಮಾಣಪತ್ರದಲ್ಲಿ ಹೆಸರು ಸೇರ್ಪಡೆಯಾಗಿರುವುದನ್ನೂ ನೋಡಿಕೊಳ್ಳತಕ್ಕದ್ದು.

ಸಲಹೆಗಾರರು ಮತ್ತು ಏಜೆಂಟರು

ಅರ್ಜಿ ಸಲ್ಲಿಸಲು ಪ್ರತಿನಿಧಿಯನ್ನು ನೇಮಿಸಿಕೊಳ್ಳಬೇಕೆಂಬ ನಿಯಮವಿಲ್ಲ. ನೇಮಿಸಿಕೊಂಡವರ ಅರ್ಜಿಗೆ ಆದ್ಯತೆಯೂ ಇಲ್ಲ. ಶುಲ್ಕ ಪಡೆದು ಪ್ರತಿನಿಧಿಸುವವರು ಯಾರಿರಬಹುದೆಂಬುದನ್ನು ಅಧಿನಿಯಮದ 91ನೇ ಪ್ರಕರಣ ಹೇಳುತ್ತದೆ: ಕೆನಡಾದ ಪ್ರಾಂತ್ಯಗಳ ವಕೀಲರ ಸಂಘಗಳ ಸದಸ್ಯರು, ಕ್ವಿಬೆಕ್‌ನ ನೋಟರಿಗಳ ಮಂಡಳಿಯ ಸದಸ್ಯರು, ಹಾಗೂ 2021ರ ನವೆಂಬರಿನಿಂದ ಕಾರ್ಯನಿರ್ವಹಿಸುತ್ತಿರುವ ವಲಸೆ ಮತ್ತು ಪೌರತ್ವ ಸಲಹೆಗಾರರ ಕಾಲೇಜಿನ ಪರವಾನಗಿ ಹೊಂದಿದವರು. ಈ ಕಾಲೇಜು ಪಾಠ ಹೇಳುವ ಸಂಸ್ಥೆಯಲ್ಲ, ಸಲಹೆಗಾರರನ್ನು ನಿಯಂತ್ರಿಸುವ ಶಾಸನಬದ್ಧ ಮಂಡಳಿ. ಪರವಾನಗಿದಾರರ ಹೆಸರುಗಳನ್ನು ಅದರ ಜಾಲತಾಣದಲ್ಲಿ ಉಚಿತವಾಗಿ ಪರಿಶೀಲಿಸಬಹುದು. ಗೋಡೆಯ ಮೇಲೆ ತೂಗುಹಾಕಿದ ಪ್ರಮಾಣಪತ್ರ ನೋಡಿ ತೃಪ್ತರಾಗಬಾರದು. ಎದುರಿಗೆ ಕುಳಿತವರ ಹೆಸರೇ ಅದರಲ್ಲಿದೆಯೇ, ಒಪ್ಪಂದಕ್ಕೆ ಸಹಿ ಹಾಕುವವರು ಅವರೇ ಆಗಿದ್ದಾರೆಯೇ ಎಂದು ನೋಡಬೇಕು.

ನಾಮನಿರ್ದೇಶನದ ಭರವಸೆ ನೀಡಲು ಯಾವ ಸಲಹೆಗಾರರಿಗೂ ಸಾಧ್ಯವಿಲ್ಲ. ಉದ್ಯೋಗದ ಆಹ್ವಾನ ಪತ್ರವನ್ನು ಹಣಕ್ಕೆ ಒದಗಿಸುವುದಾಗಿ ಹೇಳುವವರಿಂದ ವಿಶೇಷವಾಗಿ ದೂರವಿರಬೇಕು. ಇಂತಹ ಪತ್ರಗಳ ಮಾರಾಟವನ್ನು ತಡೆಯುವ ಸಲುವಾಗಿಯೇ 2025ರ ಮಾರ್ಚ್ 25ರಿಂದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಉದ್ಯೋಗ ಆಹ್ವಾನಕ್ಕಿದ್ದ ಹೆಚ್ಚುವರಿ ಅಂಕಗಳನ್ನು ತೆಗೆದುಹಾಕಲಾಯಿತು. ಪ್ರಾಂತ್ಯಗಳ ಕೆಲವು ವಿಭಾಗಗಳಲ್ಲಿ ಉದ್ಯೋಗ ಆಹ್ವಾನ ಇನ್ನೂ ಅಗತ್ಯವಿರುವುದರಿಂದ ವಂಚನೆಗೆ ಅವಕಾಶ ಉಳಿದೇ ಇದೆ. ಸುಳ್ಳು ದಾಖಲೆಯನ್ನು ಏಜೆಂಟರೇ ಸೇರಿಸಿದ್ದರೂ ಅರ್ಜಿಗೆ ಸಹಿ ಮಾಡಿದವರೇ ಹೊಣೆಗಾರರು. ನಿರ್ಬಂಧ ಬೀಳುವುದು ಅವರ ಮೇಲೆ.

ವಿದೇಶಿ ಉದ್ಯೋಗಕ್ಕೆ ಭಾರತದಲ್ಲಿ ನೇಮಕಾತಿ ನಡೆಸುವವರು 1983ರ ವಲಸೆ ಅಧಿನಿಯಮದಂತೆ ನೋಂದಣಿ ಹೊಂದಿರಬೇಕು. ಈ ನೋಂದಣಿಯು ಉದ್ಯೋಗ ನೇಮಕಾತಿಗೆ ಸಂಬಂಧಿಸಿದ್ದೇ ಹೊರತು ಕೆನಡಾದ ವಲಸೆ ಅರ್ಜಿಯಲ್ಲಿ ಪ್ರತಿನಿಧಿಸಲು ನೀಡಿದ ಪರವಾನಗಿಯಲ್ಲ. ಹಣ ನೀಡಿ ವಂಚನೆಗೊಳಗಾದವರು ಸ್ಥಳೀಯ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಬಹುದು. ನಗದಾಗಿ ಕೊಟ್ಟು ರಸೀದಿ ಪಡೆಯದವರ ದೂರಿಗೆ ಆಧಾರ ಒದಗಿಸುವುದು ಕಷ್ಟವಾಗುವುದರಿಂದ ಎಲ್ಲ ಪಾವತಿಗಳನ್ನೂ ಬ್ಯಾಂಕಿನ ಮೂಲಕವೇ ಮಾಡತಕ್ಕದ್ದು.

ಆಸ್ಟ್ರೇಲಿಯಾದ ಪದ್ಧತಿ

ಆಸ್ಟ್ರೇಲಿಯಾದ ರಾಜ್ಯಗಳೂ ನಾಮನಿರ್ದೇಶನ ಮಾಡುತ್ತವೆ. ಎರಡನ್ನೂ ಒಂದೇ ಎಂದು ಭಾವಿಸಬಾರದು. ಅಲ್ಲಿನ 190ನೇ ಉಪವರ್ಗದ ವೀಸಾ ಆರಂಭದಿಂದಲೇ ಕಾಯಂ ಆಗಿದ್ದು, ನಾಮನಿರ್ದೇಶನಕ್ಕೆ 5 ಅಂಕಗಳಿವೆ. 2019ರ ನವೆಂಬರಿನಲ್ಲಿ ಜಾರಿಗೆ ಬಂದ 491ನೇ ಉಪವರ್ಗವು ಐದು ವರ್ಷಗಳ ತಾತ್ಕಾಲಿಕ ವೀಸಾ. ಇದಕ್ಕೆ 15 ಅಂಕಗಳು. ಸಿಡ್ನಿ, ಮೆಲ್ಬರ್ನ್ ಮತ್ತು ಬ್ರಿಸ್ಬೇನ್ ಮಹಾನಗರಗಳ ಹೊರಗಿನ ನಿಗದಿತ ಪ್ರದೇಶಗಳಲ್ಲಿಯೇ ವಾಸ, ಉದ್ಯೋಗ ಮತ್ತು ಓದು ನಡೆಸಬೇಕೆಂಬ ಷರತ್ತು ವೀಸಾಕ್ಕೇ ಅಂಟಿಕೊಂಡಿರುತ್ತದೆ. ಕನಿಷ್ಠ ಮೂರು ವರ್ಷಗಳ ನಂತರ 191ನೇ ಉಪವರ್ಗದ ಮೂಲಕ ಕಾಯಂ ನಿವಾಸಕ್ಕೆ ಅರ್ಜಿ ಹಾಕಬಹುದು. ಕೆನಡಾದಲ್ಲಿ ಉದ್ದೇಶವೆಂದು ಪರಿಗಣಿತವಾಗುವುದು ಇಲ್ಲಿ ವೀಸಾದ ಕಡ್ಡಾಯ ಷರತ್ತಾಗಿದೆ.

ಕಾಯಂ ನಿವಾಸ ದೊರೆತ ಮೇಲೆ

ನಾಮನಿರ್ದೇಶನವಾಗಲಿ ಕಾಯಂ ನಿವಾಸವಾಗಲಿ ವೃತ್ತಿ ನಡೆಸುವ ಪರವಾನಗಿ ನೀಡುವುದಿಲ್ಲ. ಶುಶ್ರೂಷೆ, ವೈದ್ಯಕೀಯ, ಬೋಧನೆ ಮುಂತಾದ ನಿಯಂತ್ರಿತ ವೃತ್ತಿಗಳಿಗೆ ಆಯಾ ಪ್ರಾಂತ್ಯದ ವೃತ್ತಿ ಮಂಡಳಿಯಿಂದ ನೋಂದಣಿ ಪಡೆಯಬೇಕು. ಇದಕ್ಕೆ ತಗಲುವ ವೆಚ್ಚ ಮತ್ತು ಕಾಲವನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ಪ್ರತಿ ಐದು ವರ್ಷಗಳಲ್ಲಿ ಒಟ್ಟು 730 ದಿನ ಕೆನಡಾದಲ್ಲಿದ್ದರೆ ಕಾಯಂ ನಿವಾಸಿಯ ಸ್ಥಾನಮಾನ ಉಳಿಯುತ್ತದೆ. ಈ ಸ್ಥಾನಮಾನದಿಂದ ಭಾರತೀಯ ಪೌರತ್ವಕ್ಕೆ ಯಾವ ಬಾಧೆಯೂ ಇಲ್ಲ. ಪಾಸ್‌ಪೋರ್ಟ್ ಭಾರತದ್ದೇ ಆಗಿರುತ್ತದೆ. ಮುಂದೆ ಕೆನಡಾದ ಪೌರತ್ವವನ್ನು ಸ್ವೀಕರಿಸಿದಾಗ ಮಾತ್ರ 1955ರ ಪೌರತ್ವ ಅಧಿನಿಯಮದ 9ನೇ ಪ್ರಕರಣದಂತೆ ಭಾರತೀಯ ಪೌರತ್ವ ಕೊನೆಗೊಳ್ಳುತ್ತದೆ ಹಾಗೂ ಪಾಸ್‌ಪೋರ್ಟ್ ಒಪ್ಪಿಸಬೇಕಾಗುತ್ತದೆ. ಅನಿವಾಸಿಯಾದ ನಂತರ ಇಲ್ಲಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್.ಆರ್.ಒ. ಖಾತೆಯಾಗಿ ಬದಲಾಯಿಸಿಕೊಳ್ಳಬೇಕು. ಪಿತ್ರಾರ್ಜಿತ ಕೃಷಿ ಜಮೀನನ್ನು ಅನಿವಾಸಿ ಭಾರತೀಯರು ಉಳಿಸಿಕೊಳ್ಳಬಹುದು. ಹೊಸದಾಗಿ ಕೃಷಿ ಜಮೀನು ಖರೀದಿಸಲು ವಿದೇಶಿ ವಿನಿಮಯ ನಿಯಮಗಳಲ್ಲಿ ಸಾಮಾನ್ಯ ಅನುಮತಿಯಿಲ್ಲ.

ಕಾಯಂ ನಿವಾಸದ ಅರ್ಜಿಯನ್ನು ಒಕ್ಕೂಟ ಸರ್ಕಾರದ ಇಲಾಖೆ ತಿರಸ್ಕರಿಸಿದಲ್ಲಿ, ಕೆನಡಾದ ಹೊರಗೆ ತೀರ್ಮಾನವಾದ ಪ್ರಕರಣಗಳಲ್ಲಿ ಆದೇಶ ತಿಳಿದ 60 ದಿನಗಳೊಳಗೆ ಅಲ್ಲಿನ ಫೆಡರಲ್ ನ್ಯಾಯಾಲಯದಲ್ಲಿ ಪುನರ್‌ಪರಿಶೀಲನೆಗೆ ಅನುಮತಿ ಕೋರಬಹುದು. ಪ್ರಾಂತ್ಯವೇ ನಿರಾಕರಿಸಿದ್ದಲ್ಲಿ ಮರುಪರಿಶೀಲನೆಯ ಅವಕಾಶ ಮತ್ತು ಗಡುವು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆಯಾಗಿರುವುದರಿಂದ, ನಿರಾಕರಣೆಯ ಪತ್ರವನ್ನು ಪೂರ್ತಿಯಾಗಿ ಓದಿ ಅದರಲ್ಲಿ ಸೂಚಿಸಿರುವ ಕ್ರಮವನ್ನು ಅನುಸರಿಸತಕ್ಕದ್ದು.